ಸತ್ತವನ ಮಗ್ಗ

ನಮ್ಮ ಕೇರಿಯಲ್ಲಿ ಐದು ವರ್ಷ ನನಗಿದ್ದ ಹೆಸರು ಸೋಂಬೇರಿ. ಸೋಮಾರಿಗೆ ತಮಿಳಿನಲ್ಲಿ ಹಾಗೆನ್ನುತ್ತಾರೆ. ಕೊಯಮತ್ತೂರಿನ ಹೊರಗೆ, ಕುರಿಚಿಯ ಕಡೆ ಇದ್ದ ನೇಕಾರರ ಬೀದಿ ಅದು. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಬೈಗುಳಕ್ಕೆ ಮಾತ್ರ ಯಾವುದು ಚುರುಕೋ ಅದು. ನಾನು ಕೊಡ ಹಿಡಿದು ಬಾವಿಕಟ್ಟೆಗೆ ಹೋದರೆ ಹೆಂಗಸರು ನೀರು ಸೇದುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಬಂದ್ಳು ನೋಡು ಮಾರಾಣಿ. ಬೆಳಗಿಂದ ಬೈಗಿನ ತಂಕ ಒಳಗೆ ಮಲಗಿರ್ತಾಳೆ. ಪಾಪ, ಅತ್ತೆ ಒಬ್ಳೇ ಜಗಲಿ ಮೇಲೆ ಕೂತ್ಕೊಂಡು ಕಂಡಿಕೆ ಸುತ್ತಿ ಸಾಯ್ತಾಳೆ."

ಇದನ್ನು ನಗುನಗುತ್ತಾ ಸಹಿಸಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಮನೆಗೆ ಬಂದು ಕೊಡ ಕುಕ್ಕುತ್ತಿದ್ದೆ. ಮಾವನ ಮಜ್ಜಿಗೆಗೆ ಬೇಕೆಂದೇ ಉಪ್ಪು ಹಾಕುತ್ತಿರಲಿಲ್ಲ. ನನ್ನನ್ನು ಆಡಿಕೊಳ್ಳುತ್ತಿದ್ದ ಆ ಹೆಂಗಸರು ತಮ್ಮ ಮಕ್ಕಳ ಮದುವೆಗೆ ಉಟ್ಟ ಸೀರೆಗಳಲ್ಲಿ ಎಷ್ಟೋ ನಾನೇ ನೇಯ್ದವು. ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ನಾನು ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ಆಗ ಅದೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು, ನಡುವೆ ದಿಂಬದ ಘಾಟಿಯೊಂದು ಅಡ್ಡ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಮಗ್ಗಕ್ಕೆ ಇನ್ನೊಂದು ಜೊತೆ ಕೈ ಬೇಕಿತ್ತು. ಮೂರನೇ ಕ್ಲಾಸಿನ ತನಕ ಕನ್ನಡ ಶಾಲೆಗೆ ಕಳಿಸಿದರು, ಆಮೇಲೆ ಮಗ್ಗದ ಗುಂಡಿಗೆ ಇಳಿಸಿದರು. ಹದಿನಾರಕ್ಕೆ ಮದುವೆಯಾಗಿ ಘಾಟಿ ಇಳಿಯುವಾಗ ಅಪ್ಪ ಒಂದೇ ಮಾತು ಹೇಳಿದ್ದು: "ಅಲ್ಲಿ ನೇಯ್ತೀನಿ ಅಂತ ಬಾಯಿಬಿಡಬೇಡ."

ಯಾಕೆಂದು ಬಂದ ಮೇಲೆ ತಿಳಿಯಿತು. ನಮ್ಮ ಅತ್ತೆಮನೆಯ ಬೀದಿಯಲ್ಲಿ ನೂಲು ಸುತ್ತುವುದು, ಗಂಜಿ ಹಚ್ಚುವುದು, ಲಾಳಿಗೆ ಹಾಕುವ ಕಂಡಿಕೆಗೆ ನೂಲು ತುಂಬುವುದು ಎಲ್ಲವೂ ಹೆಂಗಸರ ಕೆಲಸ. ಆದರೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂರುವವನು ಗಂಡಸೇ ಆಗಿರಬೇಕು. ಹೆಣ್ಣು ಕಾಲಿಟ್ಟರೆ ತಾಯಿ ಚೌಡೇಶ್ವರಿ ಆ ಮಗ್ಗ ಬಿಟ್ಟು ಹೋಗುತ್ತಾಳೆ ಎಂದು ನಂಬಿಕೆ. ಹೆಂಗಸು ಮಾಡಿದ ಅಡುಗೆಯನ್ನು ಎಡೆಗೆ ಇಡಿಸಿಕೊಳ್ಳುವ ತಾಯಿಗೆ ಹೆಂಗಸು ನೇಯ್ದ ಬಟ್ಟೆ ಯಾಕೆ ಆಗದು ಎಂದು ನಾನು ಅಂದೂ ಕೇಳಿದ್ದೆ, ಅಡುಗೆಮನೆಯಲ್ಲಿ, ಒಬ್ಬಳೇ.

ನಮ್ಮ ಮಾವ ಆ ಬೀದಿಗೇ ದೊಡ್ಡ ಕೈ. ಮೂವತ್ತು ಮಗ್ಗ ಒಟ್ಟಿಗೆ ಆಡುತ್ತಿದ್ದರೂ ಯಾವ ಸದ್ದು ಯಾರ ಮನೆಯದೆಂದು ಅಲ್ಲಿನ ಜನ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ನಾವೆಲ್ಲ ಕೆಮ್ಮಿನಿಂದ ಮನುಷ್ಯರನ್ನು ಗುರುತಿಸುತ್ತೇವಲ್ಲ, ಹಾಗೆ. ಮಾವನದು ಜೋಡಿ ಏಟು. ಲಾಳಿ ದಾಟಿದ ಮೇಲೆ ನೂಲು ಬಿಗಿಯುವ ಹಲಗೆಯನ್ನು ಒಮ್ಮೆ ಬಲವಾಗಿ, ಒಮ್ಮೆ ಮೆಲ್ಲಗೆ ಎಳೆದು ಹೊಡೆಯುವುದು: ಧಡ್, ತಟ್. ಧಡ್, ತಟ್. ಆ ಸದ್ದು ಅರ್ಧ ಗಳಿಗೆ ನಿಂತರೆ ಯಾರಾದರೊಬ್ಬರು ಬಾಗಿಲಿಗೆ ಬಂದು, "ಏನು ಅಣ್ಣಾ, ಸೌಖ್ಯ ತಾನೆ?" ಎಂದು ವಿಚಾರಿಸಿ ಹೋಗುತ್ತಿದ್ದರು.

ಚೌಡೇಶ್ವರಿಗೆ ವರ್ಷಕ್ಕೊಂದು ಸೀರೆ ನೇಯುವ ಮರ್ಯಾದೆಯೂ ಅವರದೇ. ಆ ಸೀರೆಯನ್ನು ತಟ್ಟೆಯಲ್ಲಿಟ್ಟುಕೊಂಡು ಗುಡಿಯ ಮೆಟ್ಟಿಲ ಮೇಲೆ ನಿಂತಾಗ ಕೇರಿಯ ಯಜಮಾನರು ಮೂರು ಸಲ ಕೇಳುತ್ತಾರೆ: "ಯಾರ ಕೈ?" ನೇಯ್ದವನು ಮೂರು ಸಲ "ನನ್ನ ಕೈ" ಎನ್ನಬೇಕು. ಉತ್ತರ ಬಾರದೆ ಸೀರೆ ಒಳಕ್ಕೆ ಹೋಗುವಂತಿಲ್ಲ, ತಟ್ಟೆ ಹಿಂದಕ್ಕೂ ಬರುವಂತಿಲ್ಲ.

ನಾನು ಬಂದು ವರ್ಷ ತುಂಬುವುದರೊಳಗೆ ಮಾವನ ಬಲಗೈ ನಡುಗತೊಡಗಿತು. ಮೊದಲು ಎಲೆ ಅಡಿಕೆ ಮಡಿಸುವಾಗ, ಆಮೇಲೆ ಲಾಳಿ ಹಿಡಿದಾಗ. ನಮ್ಮವರು ಮಾವನಿಗೆ ಒಬ್ಬರೇ ಮಗ, ಅವರ ಕೈಗೆ ಮಗ್ಗ ಒಗ್ಗಿರಲಿಲ್ಲ. ನೀಲಗಿರಿಯ ಪೈಕಾರದಿಂದ ಕರೆಂಟು ಬಂದು ಕೊಯಮತ್ತೂರಿನ ಸುತ್ತ ಮಿಲ್ಲುಗಳು ಏಳುತ್ತಿದ್ದ ಕಾಲ, ಅವರು ನೂಲಿನ ಮಿಲ್ಲಿಗೆ ಸೇರಿಕೊಂಡಿದ್ದರು. ಒಂದು ದಿನ ಮದುವೆ ಸೀರೆಯೊಂದು ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು. ಮಾವ ಕಡಿದುಹೋದ ಎಳೆ ಕಟ್ಟಲಾರದೆ ಅಳುವಂತಾಗಿದ್ದರು. ನಾನು ನೆಲ ಒರೆಸುತ್ತಿದ್ದವಳು ತಡೆಯಲಾರದೆ ಕೈ ಚಾಚಿ ಕಟ್ಟಿಬಿಟ್ಟೆ. ಅವರು ಗಂಟನ್ನೂ ನನ್ನನ್ನೂ ನೋಡಿದರು.

"ಈ ಗಂಟು ಎಲ್ಲಿ ಕಲ್ತೆ ಅಮ್ಮಣಿ?"

ನಾನು ಮತ್ತೆ ನೆಲ ಒರೆಸಲು ಬಾಗಿದೆ.

"ಸೆರಿ. ಬಾಗ್ಲು ಹಾಕು," ಎಂದರು.

ಅಂದಿನಿಂದ ನಮ್ಮ ಮನೆಯ ಒಳಬಾಗಿಲು ಹಗಲೆಲ್ಲ ಮುಚ್ಚಿಯೇ ಇರುತ್ತಿತ್ತು. ಮಾವ ವ್ರತ ಹಿಡಿದಿದ್ದಾರೆ, ನೇಯುವಾಗ ಅವರನ್ನು ಯಾರೂ ನೋಡಬಾರದು ಎಂದು ಅತ್ತೆ ಜಗಲಿಯ ಮೇಲೆ ಕೂತು ಕಾವಲು ಕಾದರು. ನಾನು ಗುಂಡಿಯಲ್ಲಿ, ಮಾವ ಪಕ್ಕದ ಮಣೆಯ ಮೇಲೆ. ಅವರ ಜೋಡಿ ಏಟನ್ನು ಅವರು ಕಂಬಕ್ಕೆ ಕೋಲು ತಟ್ಟಿ ತಟ್ಟಿ ನನಗೆ ಕಲಿಸಿದರು. ಬಟ್ಟೆಗೆ ಅದು ಬೇಕಿರಲಿಲ್ಲ, ಬೀದಿಯ ಕಿವಿಗೆ ಬೇಕಿತ್ತು. ನಡುನಡುವೆ ಅವರು ಕೆಮ್ಮುವುದು, ಗದರುವುದು, ದೊಡ್ಡದಾಗಿ ಆಕಳಿಸುವುದು. ನಾನೆಲ್ಲಿ ಎಂದು ಯಾರಾದರೂ ಕೇಳಿದರೆ, "ತಲೆನೋವು, ಮಲಗವಳೆ," ಎನ್ನುತ್ತಿದ್ದರು ಅತ್ತೆ. ಹೀಗೆ ನಾನು ಸೋಂಬೇರಿಯಾದೆ.

ಗುಡಿಯ ಮೆಟ್ಟಿಲ ಮೇಲೆ ಮಾವ ತಟ್ಟೆಯನ್ನು ಎದೆಗೊತ್ತಿಕೊಂಡು ನಡುಕ ಮರೆಸುತ್ತಿದ್ದರು, ಆದರೆ ಸುಳ್ಳು ಹೇಳಲಿಲ್ಲ. "ಯಾರ ಕೈ?" ಎಂದರೆ, "ನಮ್ಮ ಮನೆ ಕೈ," ಎನ್ನುತ್ತಿದ್ದರು. ಎಂಥ ವಿನಯ ಎಂದು ಜನ ತಲೆದೂಗಿದರು. ನಾನು ಹೆಂಗಸರ ಗುಂಪಿನ ಹಿಂದೆ ನಿಂತು ಹಲ್ಲು ಕಚ್ಚುತ್ತಿದ್ದೆ. ಒಮ್ಮೆ ಕೊಯಮತ್ತೂರಿನ ಆರ್.ಎಸ್. ಪುರಂನ ಹೊಸ ಬಂಗಲೆಯೊಂದರ ಯಜಮಾನಿ ಸೀರೆ ಕೊಳ್ಳಲು ಬಂದು ಮಡಿಕೆ ಬಿಚ್ಚಿ ನೋಡಿ, "ಇದು ಮನುಷ್ಯರ ಕೈಯಲ್ಲ," ಎಂದು ತಮಿಳಿನಲ್ಲಿ ಹೊಗಳಿದಳು. ಮಾವ ಕೈಮುಗಿದು, "ಎಲ್ಲಾ ತಾಯಿ ಕೃಪೆ," ಎಂದರು, ಬಾಗಿಲ ಸಂದಿನಲ್ಲಿದ್ದ ನನ್ನ ಕಡೆ ವಾರೆಗಣ್ಣು ಬಿಟ್ಟು. ಆ ತಾಯಿ ನಾನೇ ಎಂದು ನನಗೆ ಗೊತ್ತು, ಆದರೂ ಹೊಟ್ಟೆ ತುಂಬಲಿಲ್ಲ. ಅಂದು ಉಪ್ಪಿಲ್ಲದ ಮಜ್ಜಿಗೆ ಎರಡು ಲೋಟ ಕುಡಿಸಿದೆ. ಅವರು ಎರಡನ್ನೂ ಕುಡಿದರು. ಈ ಗುಟ್ಟು ಹೊರಬಿದ್ದರೆ ಚೌಡೇಶ್ವರಿಯ ಸೀರೆ ನಮ್ಮ ಮನೆಯಿಂದ ಹೋಗುತ್ತದೆ, ಅದರ ಹಿಂದೆಯೇ ಮಾವನ ಹೆಸರು ಹೋಗುತ್ತದೆ ಎಂದು ಮನೆಯಲ್ಲಿ ನಾಲ್ವರಿಗೂ ಗೊತ್ತಿತ್ತು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಮಾವ ಮಾವ ಆಗುತ್ತಿರಲಿಲ್ಲ. ಕೈ ಹೋದ ಮೇಲೆ ಅವರಿಗೆ ನಾಟಕದ ಹುಚ್ಚು ಹಿಡಿಯಿತು.

ಊರಿಗೆ ಬರುತ್ತಿದ್ದುದೆಲ್ಲ ತಮಿಳು ನಾಟಕ. "ನಮ್ ಮಾತು ಏನು ಅಡಿಗೆ ಮನೆಗೆ ಮಾತ್ರಾನಾ? ಯಾಪಾರದೋರ ಮುಂದೆ ಗುಟ್ಟು ಮಾತಾಡಾಕೆ ಮಾತ್ರಾನಾ?" ಎಂದು ಅವರೇ ಒಂದು ಕನ್ನಡ ನಾಟಕ ಕಟ್ಟಿದರು. ಅವರು ಹೇಳುವುದು, ನಾನು ಬರೆಯುವುದು. ಆ ಬೀದಿಯಲ್ಲಿ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ. ಪಾತ್ರ ಮಾಡುವ ಗಂಡಸರಿಗೆ ನಾನು ಪರದೆಯ ಹಿಂದಿನಿಂದ ಓದಿ ಹೇಳಬೇಕು, ಅವರು ಕೇಳಿ ಕೇಳಿ ಬಾಯಿಪಾಠ ಮಾಡಬೇಕು. "ಕೂತಲ್ಲೇ ಮಾಡೋ ಕೆಲಸ, ಸೋಂಬೇರಿಗೆ ಸೆರಿಯಾಯ್ತು," ಎಂದು ಬಾವಿಕಟ್ಟೆ ಒಪ್ಪಿಗೆ ಕೊಟ್ಟಿತು.

ಕತೆ ಇಷ್ಟು. ಮೊಮ್ಮಗಳ ಮದುವೆಯ ಬೆಳಿಗ್ಗೆ ಮುದುಕ ನೇಕಾರನೊಬ್ಬ ಮಗ್ಗದಲ್ಲೇ ಸತ್ತುಹೋಗುತ್ತಾನೆ. ಗೊತ್ತಾದರೆ ಸೂತಕ, ಮದುವೆ ನಿಲ್ಲುತ್ತದೆ. ಮುಹೂರ್ತ ಮುಗಿಯುವ ತನಕ ಸಾವನ್ನು ಮುಚ್ಚಿಡೋಣ ಎಂದು ಮನೆಯವರು ಹೆಣವನ್ನು ಜಗಲಿಯ ಮೇಲೆ ನಿದ್ದೆಹೋದಂತೆ ಮಲಗಿಸಿ ಹೊದಿಸುತ್ತಾರೆ. ಆದರೆ ಮಗ್ಗದ ಸದ್ದು ನಿಂತರೆ ನೆರೆಯವರು ಬಂದು ಕೇಳುತ್ತಾರಲ್ಲ? ಅದಕ್ಕೆ ಕೆಲಸ ಬಾರದ ಕಿರಿಮಗನನ್ನು ಒಳಗೆ ಮಗ್ಗಕ್ಕೆ ಕೂರಿಸುತ್ತಾರೆ. ಸದ್ದೇನೋ ಬರುತ್ತದೆ, ಕುಂಟುತ್ತಾ ಬರುತ್ತದೆ. ಈ ನಡುವೆ ಮನೆಯ ಒಬ್ಬೊಬ್ಬರೂ ಯಾರಿಲ್ಲದ ಹೊತ್ತು ನೋಡಿ ಹೆಣದ ಹತ್ತಿರ ಬಂದು ತಮ್ಮ ತಮ್ಮ ಗುಟ್ಟು ಹೇಳಿ ಕ್ಷಮೆ ಬೇಡುತ್ತಾರೆ.

ಆ ಗುಟ್ಟುಗಳೆಲ್ಲ ನಮ್ಮ ಬೀದಿಯವೇ. ಮಾವ ಒಂದು ಮನೆಯದನ್ನು ಎತ್ತಿ ಇನ್ನೊಂದು ಮನೆಯದಕ್ಕೆ ಜೋಡಿಸಿದ್ದರು, ಯಾರೂ ಎದ್ದು ನಿಂತು "ಇದು ನಮ್ಮದು" ಎನ್ನಲಾರದ ಹಾಗೆ. "ಎಲ್ಲಾರ ಮನೆ ದೋಸೇನೂ ತೂತು ಅಮ್ಮಣಿ," ಎಂದು ನಗುತ್ತಿದ್ದರು.

"ನಮ್ ಮನೆ ತೂತು?" ಎಂದೆ.

"ನಮ್ದು ನಾಟಕದಲ್ಲಿ ಇಲ್ಲ," ಎಂದರು. ಅವರು ಹಾಗೇ ನಂಬಿದ್ದರು.

ಹೆಣದ ಪಾತ್ರ ಮಾವನದೇ. ಮಾತಿಲ್ಲ, ಚಲನೆಯಿಲ್ಲ, ಬರೀ ಮಲಗಿರುವುದು. ಒಂದೇ ತೊಡಕೆಂದರೆ ಬಲಗೈ. ಹೆಣದ ಕೈ ನಡುಗಿದರೆ ನಾಟಕ ಕೆಡುತ್ತದೆ, ನೇಕಾರನ ಕೈ ನಡುಗುವುದನ್ನು ಕಂಡರೆ ಮನೆ ಕೆಡುತ್ತದೆ. ಅದಕ್ಕೆ ಆ ಕೈಯನ್ನು ಬೆನ್ನ ಕೆಳಗೆ ಹಾಕಿ ಅದರ ಮೇಲೆ ಮಲಗುವ ಅಭ್ಯಾಸ ಮಾಡಿಕೊಂಡರು.

ಗುಂಡಿ ಮಗ್ಗವನ್ನು ಹೊತ್ತು ತರಲು ಬರುವುದಿಲ್ಲ, ಆದ್ದರಿಂದ ನಾಟಕವೇ ಮಗ್ಗದ ಹತ್ತಿರಕ್ಕೆ ಬಂತು. ನಮ್ಮ ಜಗಲಿಯೇ ರಂಗ. ಅದರ ಹಿಂದಿನ ಬಾಗಿಲಿಗೆ ಭವಾನಿ ಊರಿನ ಜಮಖಾನೆ ಇಳಿಬಿಟ್ಟರೆ ಪರದೆ, ಪರದೆಯ ಹಿಂದೆ ಮಗ್ಗದ ಕೋಣೆ. ಬೇರೆ ದಿನಗಳಲ್ಲಿ ಹಾಸಿನ ನೂಲು ಎಳೆದು ಕಟ್ಟಿ ಗಂಜಿ ಹಚ್ಚುವ ಅಗಲ ಬೀದಿಯಲ್ಲಿ ಜನ ಕೂರಬೇಕು. ದಿನ ಅಮಾವಾಸ್ಯೆ, ಅಂದು ನೇಕಾರರಿಗೆ ರಜೆ, ಯಾರೂ ಮಗ್ಗ ಮುಟ್ಟುವುದಿಲ್ಲ. ನೂಲಿಲ್ಲದ ಬರಿ ಲಾಳಿಯನ್ನು ಸದ್ದಿಗಾಗಿ ಮಾತ್ರ ಆಡಿಸುತ್ತೇವೆ ಎಂದು ಮಾವ ಯಜಮಾನರಿಂದ ಅಪ್ಪಣೆ ಪಡೆದಿದ್ದರು. ಆಡಿಸಬೇಕಾದವರು ನಮ್ಮವರು. ಕುಂಟುವ ಸದ್ದಿಗೆ ಅವರಿಗಿಂತ ಸರಿಯಾದವರು ಸಿಕ್ಕುತ್ತಿರಲಿಲ್ಲ. ಮೊದಲ ಪಾಳಿ ಮುಗಿಸಿ ಮೂರು ಗಂಟೆಗೆ ಬಂದುಬಿಡುತ್ತೇನೆ ಎಂದು ಹೇಳಿ ಹೋದರು.

ಮೂರಕ್ಕೆ ಮಿಲ್ಲಿನ ಸಂಗು, ಪಾಳಿ ಬಿಡುವ ಸೈರನ್ನು, ಊದಿದ್ದು ಕೇಳಿಸಿತು, ಅವರು ಬರಲಿಲ್ಲ. ಮುಂದಿನ ಪಾಳಿಯವನು ಹೊತ್ತಿಗೆ ಬಾರದ್ದರಿಂದ ಅವರನ್ನು ಅಲ್ಲೇ ನಿಲ್ಲಿಸಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ಬೀದಿ ತುಂಬಿತ್ತು. ಅಕ್ಕಪಕ್ಕದ ತಮಿಳರೂ ಬಂದು ಕೂತಿದ್ದರು. ನಾಟಕ ಶುರುವಾಯಿತು.

ಹಿರಿಮಗನ ಪಾತ್ರದವನು ಹೆಣದ ಮುಂದೆ ಮಂಡಿಯೂರಿ, ಕಿಣತ್ತುಕಡವಿನಲ್ಲಿ ತನಗೆ ಇನ್ನೊಬ್ಬ ಹೆಂಡತಿಯೂ ಇದ್ದಾಳೆ, ಅವಳ ಮನೆಯಲ್ಲೂ ಇವತ್ತೇ ಸೀಮಂತ ಎಂದು ಗೋಳಾಡಿದ. ಮುಂದಿನ ಸಾಲಿನ ಇಬ್ಬರು ಗಂಡಸರು ತಲೆ ತಗ್ಗಿಸಿದರು. ಒಬ್ಬನೇ ತಗ್ಗಿಸುತ್ತಾನೆ ಎಂದುಕೊಂಡಿದ್ದೆವು. ಆಮೇಲೆ ಮುದುಕನ ಹೆಂಡತಿ ಬಂದಳು. ಆ ಪಾತ್ರದವನು ಅಪ್ಪ ಬದುಕಿರುವಾಗ ಮೀಸೆ ತೆಗೆಯಲಾರೆ ಎಂದು ಹಟ ಹಿಡಿದಿದ್ದ, ಹಾಗಾಗಿ ನಾಟಕ ಪೂರ್ತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಅತ್ತ.

"ನಾನು ಕಿವುಡಿ ಅಲ್ಲ ಕಣ್ರೀ. ಇಪ್ಪತ್ತು ವರ್ಷದಿಂದ ಎಲ್ಲಾ ಕೇಳ್ತಿತ್ತು. ನಿಮ್ ಮಾತು ಸಾಕಾಗಿತ್ತು, ಅದಕ್ಕೆ ಕೇಳಲ್ಲ ಅಂದೆ. ಒಪ್ಕೊಳಿ."

ಹೊದಿಕೆಯ ಕೆಳಗೆ ಮಾವನ ಹೊಟ್ಟೆ ಕುಣಿಯತೊಡಗಿತು. "ಐಯೋ, ಪೊಣಂ ಸಿರಿಕ್ಕುದುಂಗ!" ಎಂದು ತಮಿಳರಲ್ಲೊಬ್ಬ ಕೂಗಿದ, ಹೆಣ ನಗುತ್ತಿದೆ ಎಂದು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಪರದೆಯ ಹಿಂದೆ ಪುಸ್ತಕ ಹಿಡಿದಿದ್ದ ನನಗೆ ಕಣ್ಣೀರು ಬಂತು. ನಾಲ್ಕು ಗೋಡೆಯೊಳಗೆ ಪಿಸುಗುಟ್ಟುತ್ತಿದ್ದ ನಮ್ಮ ಮಾತು ಬಿಸಿಲಿನಲ್ಲಿ ಎಲ್ಲರ ಮುಂದೆ ನಿಂತು ನಗಿಸುತ್ತಿತ್ತು, ಅದನ್ನು ಅಕ್ಷರದಲ್ಲಿ ಬರೆದವಳು ನಾನು. ಅಷ್ಟು ಹೆಮ್ಮೆ ನನಗೆ ಅದುವರೆಗೆ ಆಗಿರಲಿಲ್ಲ.

ಆಗ ಮಗ್ಗದ ಸರದಿ ಬಂತು. ನೆರೆಯವನ ಪಾತ್ರದವನು ರಂಗಕ್ಕೆ ಬಂದು ಕಿವಿಗೆ ಕೈಯಿಟ್ಟು, "ತಾತನ ತರಿ ಸದ್ದು ಬತ್ತಾ ಐತೆ, ಆದ್ರೆ ಯಾಕೋ ಇವತ್ತು ಕುಂಟ್ತಾ ಐತೆ," ಎನ್ನಬೇಕು. ತರಿ ಎಂದರೆ ಮಗ್ಗ. ಅವನು ಬಂದ, ಕಿವಿಗೆ ಕೈಯಿಟ್ಟ. ಒಳಗೆ ಸದ್ದಿಲ್ಲ.

"ತಾತನ ತರಿ ಸದ್ದು..." ಎಂದು ಎರಡನೇ ಸಲ ಎಂದ.

ಜನ ನಕ್ಕರು, ಈ ಸಲ ನಮ್ಮನ್ನು ನೋಡಿ. ಅತ್ತೆ ಬಾಗಿಲ ಮೂಲೆಯಿಂದ ನನ್ನತ್ತ ಕಣ್ಣು ಬಿಟ್ಟರು. ಮಾವನ ನಾಟಕ ಎಲ್ಲರ ಕಣ್ಣೆದುರು ನೀರಿಗೆ ಬೀಳುತ್ತಿತ್ತು. ನಾನು ಪುಸ್ತಕವನ್ನು ಬಟ್ಟೆ ಸುತ್ತುವ ದಿಂಡಿನ ಮೇಲಿಟ್ಟು ಗುಂಡಿಗೆ ಕಾಲಿಳಿಸಿದೆ. ಪರದೆಯಿದೆ, ಯಾರು ನೋಡುತ್ತಾರೆ? ಹತ್ತು ಏಟು ಕುಂಟಾಗಿ ಹೊಡೆದು ಎದ್ದುಬಿಡುವುದು ಎಂದುಕೊಂಡೆ. ದೇವರಾಣೆಗೂ ಅಷ್ಟೇ ಅಂದುಕೊಂಡದ್ದು.

ಆದರೆ ನನ್ನ ಕೈಗೆ ಕೆಟ್ಟದಾಗಿ ಹೊಡೆಯಲು ಬರಲಿಲ್ಲ. ಮೊದಲೆರಡು ಏಟು ಹೇಗೋ ಕುಂಟಿದವು. ಮೂರನೆಯದರಿಂದ ಕೈ ತನ್ನ ಪಾಡಿಗೆ ತಾನು ಸರಿಹೋಯಿತು. ಧಡ್, ತಟ್. ಧಡ್, ತಟ್. ಐದು ವರ್ಷ ಹಗಲೆಲ್ಲ ಹೊಡೆದ ಏಟು ಅದು.

ನೆರೆಯವನ ಪಾತ್ರದವನೂ ನೇಕಾರನೇ. "ಕುಂಟ್ತಾ ಐತೆ" ಎನ್ನಬೇಕಾದ ಬಾಯಿ ತೆರೆದೇ ಉಳಿಯಿತು. "ಇದು ಕುಂಟ್ತಾ ಇಲ್ವಲ್ಲಾ," ಎಂದ, ನಾಟಕ ಮರೆತು. "ಇದು ಅಣ್ಣನ ಏಟೇ."

ನಗು ನಿಂತುಹೋಯಿತು. ಇಡೀ ಬೀದಿ ಕೇಳುತ್ತಿತ್ತು. ಒಳಗಿದ್ದ ನನಗೆ ಆ ಮೌನ ಜನ ಮೆಚ್ಚಿದ ಮೌನವೆನ್ನಿಸಿ ಇನ್ನೂ ಹುರುಪಿನಿಂದ ಹೊಡೆದೆ. ಎಷ್ಟು ಪೆದ್ದಿ ನಾನು! ಕೊನೆಗೆ ಒಬ್ಬ ಮುದುಕಿಯ ದನಿ ಕೇಳಿತು.

"ಅಣ್ಣ ಇಲ್ಲಿ ಸತ್ತು ಮಲಗವ್ನೆ. ಅವನ ಏಟು ಒಳಗಿಂದ ಎಂಗೆ ಬತ್ತದೆ?"

ಇಬ್ಬರು ಹೆಂಗಸರು ದೆವ್ವವೆಂದು ಎದ್ದೇ ಹೋದರಂತೆ. ಯಜಮಾನರು ಎದ್ದು ಜಗಲಿ ಹತ್ತಿದರು. ಬಾಗಿಲಿಗೆ ಬರಲು ಮಾವನನ್ನು ದಾಟಬೇಕಿತ್ತು. ಹೆಣವನ್ನು ದಾಟಬಾರದೆಂದು, ನಾಟಕದ ಹೆಣವಾದರೂ, ಅವರು ಕಾಲ ಕಡೆಯಿಂದ ಸುತ್ತಿ ಬಂದರು. ಜಮಖಾನೆ ಸರಿಸಿದರು.

ಬೀದಿಯ ಬಿಸಿಲು ನೇರವಾಗಿ ನನ್ನ ಮೇಲೆ ಬಿತ್ತು. ಸೊಂಟದ ತನಕ ಗುಂಡಿಯಲ್ಲಿ, ಸೆರಗು ಸಿಕ್ಕಿಸಿ, ಎಡಗೈಯಲ್ಲಿ ಹಲಗೆ, ಬಲಗೈಯಲ್ಲಿ ಲಾಳಿ. ಬಾವಿಕಟ್ಟೆಯ ಮುಖಗಳೆಲ್ಲ ಮುಂದಿನ ಸಾಲಿನಲ್ಲೇ ಇದ್ದವು.

ಯಜಮಾನರು ಗದರಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಕೇಳುವ ಮಾತನ್ನೇ ಮೆಲ್ಲಗೆ ಕೇಳಿದರು. "ಯಾರ ಕೈ ಅಮ್ಮಣಿ ಇದು?"

ನಾಟಕಕ್ಕೆಂದು ಮಾವ ನಾಲ್ಕು ದಿನ ಹೇಳಿಕೊಟ್ಟರು, ಅಷ್ಟೇ, ಎನ್ನುವ ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಅದನ್ನು ಆಡಿದ್ದರೆ ಸೀರೆಯೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು, ನಾನು ಸಾಯುವ ತನಕ ಸೋಂಬೇರಿಯಾಗಿ ಬಾಳುತ್ತಿದ್ದೆ. ನಾನು ಮಾವನ ಕಡೆ ನೋಡಿದೆ. ಅವರು ಕಣ್ಣು ತೆರೆದಿರಲಿಲ್ಲ, ಇನ್ನೂ ಹೆಣವೇ. ಆದರೆ ಬೆನ್ನ ಕೆಳಗಿನಿಂದ ಬಲಗೈಯನ್ನು ಎಳೆದು ಹೊದಿಕೆಯ ಹೊರಗೆ, ಎದೆಯ ಮೇಲೆ ಇಟ್ಟುಕೊಂಡರು. ಐದು ವರ್ಷ ಅ‌ಡಗಿಸಿಟ್ಟ ಕೈ ಎಲ್ಲರ ಮುಂದೆ ಗಡಗಡ ನಡುಗುತ್ತಿತ್ತು. ಅದು ನೇಯುವ ಕೈಯಲ್ಲ ಎಂದು ಆ ಬೀದಿಯಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಹೇಳಬೇಕಾದ್ದು ಎರಡೇ ಮಾತು. ಅವೇ ಬರಲಿಲ್ಲ. ನನ್ನ ಬಾಯಿ ಸೋತದ್ದು ಜೀವಮಾನದಲ್ಲಿ ಅದೊಂದೇ ಸಲ.

ಯಜಮಾನರು ಆ ಕೈಯನ್ನು ನೋಡಿದರು. "ಆಟ ನಿಲ್ಲಿಸ್ಬೇಡಿ," ಎಂದರು. "ಹೆಣಾನ ಅರ್ಧಕ್ಕೆ ಬಿಟ್ಟು ಏಳ್ಬಾರ್ದು. ಕಲ್ಯಾಣ ಮುಗಿಯೋ ತಂಕ ತರಿ ಆಡ್ತಾ ಇರ್ಲಿ." ಪರದೆಯನ್ನು ಮಾತ್ರ ಮತ್ತೆ ಇಳಿಬಿಡಲಿಲ್ಲ.

ನಾನು ಎಲ್ಲರ ಎದುರಿಗೇ ಮಗ್ಗ ಆಡಿಸಿದೆ. ಮದುವೆ ನಡೆಯಿತು, ತಾಳಿ ಬಿತ್ತು. ಅಲ್ಲಿ ಕಿರಿಮಗ ಮಗ್ಗ ನಿಲ್ಲಿಸಬೇಕು, ಸದ್ದು ನಿಂತಾಗಲೇ ಊರಿಗೆ ಸಾವು ಗೊತ್ತಾಗುವುದು. ನಾನು ಹಲಗೆ ಬಿಟ್ಟೆ. ನಗಿಸಲೆಂದು ಬರೆದ ಕೊನೆ ಅದು, ಮನೆಯವರೆಲ್ಲ ಅಬ್ಬಾ ಎಂದು ಬಿಡುಗಡೆಯಾಗಿ ಅಳಬೇಕು. ಆದರೆ ಬೀದಿಯಲ್ಲಿ ಮುದುಕಿಯರು ನಿಜವಾಗಿಯೇ ಅತ್ತರು. ನಡುಗುವ ಆ ಕೈಗಾಗಿ ಅತ್ತರೆಂದು ನನಗೆ ತಿಳಿಯಿತು. ಸಂಜೆ ನಮ್ಮವರು ಮಿಲ್ಲಿನಿಂದ ಓಡಿಬಂದು, "ನಾಟಕ ಎಂಗಾಯ್ತು?" ಎಂದಾಗ ಅತ್ತೆ, "ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು," ಎಂದಷ್ಟೇ ಹೇಳಿದರು.

ಮರುವಾರ ಬೇವಿನ ಮರದ ಕೆಳಗೆ ಹಿರಿಯರು ಕೂಡಿದರು. ಐದು ವರ್ಷ ತಾಯಿಗೆ ದೋಷದ ಸೀರೆ ಉಡಿಸಿದಂತಾಯಿತು, ಮರ್ಯಾದೆಯನ್ನು ಬೇರೆ ಮನೆಗೆ ಕೊಡಬೇಕು ಎಂದು ಒಬ್ಬರು ಎತ್ತಿದರು. ಹೆಂಗಸರು ಆ ಕಟ್ಟೆಯಲ್ಲಿ ಮಾತಾಡುವ ರೂಢಿಯಿಲ್ಲ. ಆದರೆ ಐದು ವರ್ಷ ಜಗಲಿ ಕಾದು ಕಾದು ಅತ್ತೆಗೂ ಸಾಕಾಗಿತ್ತು. ದೂರದಲ್ಲಿ ನಿಂತಲ್ಲಿಂದಲೇ ಹೇಳಿದರು.

"ಉಟ್ಟೋಳು ತಾಯಿ. ಅವಳೇ ಒಂದು ದಿನ ಬ್ಯಾಡ ಅನ್ನಲಿಲ್ಲ. ನೋಡೋರಿಗೇನಪ್ಪಾ ಕಷ್ಟ?"

 ಕೊನೆಗೆ ಅಲ್ಲೂ ಇಲ್ಲೂ ಸಲ್ಲುವ ತೀರ್ಮಾನವೊಂದಾಯಿತು. ನಮ್ಮ ಮನೆಯೇ ನೇಯಲಿ, ಕೈ ಯಾರದಾದರೂ ಆಗಲಿ, ಗುಡಿಯ ಮೆಟ್ಟಿಲ ಮೇಲೆ ನಿಂತು ಉತ್ತರ ಹೇಳುವವರು ಗಂಡಸಾಗಿರಬೇಕು. ನನಗೆ ಮೈಯೆಲ್ಲ ಉರಿಯಿತು. ಗುಟ್ಟು ಬಯಲಾದರೂ ಹೆಸರು ಮಾತ್ರ ಒಳಗೇ ಇರಬೇಕಂತೆ. ಮನೆಗೆ ಬಂದು ಮಾವನ ಮಜ್ಜಿಗೆಗೆ ಉಪ್ಪಿನ ಡಬ್ಬಿಯನ್ನೇ ಸುರಿದೆ. ಅವರು ಒಂದು ಗುಟುಕು ಕುಡಿದು ಮುಖ ಕಿವುಚಿ, "ಕೋಪ ಎಲ್ಲಾ ಮಜ್ಜಿಗೆಗೆ ಹಾಕ್ಬೇಡ, ಸೀರೆಗೂ ಸ್ವಲ್ಪ ಇಡು," ಎಂದರು.

ಆ ವರ್ಷದ ಸೀರೆಯನ್ನು ಬಾಗಿಲು ತೆರೆದಿಟ್ಟು ನೇಯ್ದೆ. ಬಾವಿಕಟ್ಟೆಯವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ಒಬ್ಬಳು ಹೊರಡುವಾಗ, "ತಲೆನೋವು ಎಂಗೈತೆ ಅಕ್ಕಾ?" ಎಂದಳು. ಇಬ್ಬರೂ ನಕ್ಕೆವು. ಅರಿಸಿನದ ಮೈ, ಕೆಂಪು ಅಂಚು, ಅಂಚಿನಲ್ಲಿ ನಮ್ಮಪ್ಪ ಕಲಿಸಿದ್ದ ಕೊಳ್ಳೇಗಾಲದ ಬುಗುಡಿ ಚಿತ್ತಾರದ ಸಾಲು. ಅದುವರೆಗೆ ಆ ಸಾಲನ್ನು ನಾನು ಒಂದು ಸೀರೆಗೂ ಹಾಕಿರಲಿಲ್ಲ, ಹಾಕಿದ್ದರೆ ಇದು ಮಾವನ ಕೈಯಲ್ಲವೆಂದು ಗೊತ್ತಾಗಿಬಿಡುತ್ತಿತ್ತು.

ತಾಯಿಗೆ ಸೀರೆ ಒಪ್ಪಿಸುವ ದಿನ ಮಾವ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತರು. ಕೈ ನಡುಗುತ್ತಿದ್ದುದರಿಂದ ಒಂದು ಅಂಚನ್ನು ಅತ್ತೆ ಹಿಡಿದಿದ್ದರು. ನಾನು ಎಂದಿನಂತೆ ಹೆಂಗಸರ ಗುಂಪಿನ ಹಿಂದೆ ನಿಂತಿದ್ದೆ. ಇಡೀ ಕೇರಿ ಸೇರಿತ್ತು.

"ಯಾರ ಕೈ?" ಎಂದರು ಯಜಮಾನರು.

ಮಾವ ತಟ್ಟೆಯಲ್ಲಿದ್ದ ಸೀರೆಯನ್ನೇ ನೋಡುತ್ತಾ ನಿಂತರು.

ಯಜಮಾನರು ಕಾದು ನೋಡಿ, ಬಾಗಿ ಪಿಸುಗುಟ್ಟಿದರು: "ಯೋಳಣ್ಣಾ. ನಮ್ಮ ಮನೆ ಕೈ ಅಂದ್ಬಿಡು, ಸಾಕು."

"ನನ್ನೇನು ಕೇಳ್ತೀರಿ ಯಜಮಾನ್ರೇ?" ಮಾವ ಎಲ್ಲರಿಗೂ ಕೇಳುವ ಹಾಗೆ ಎಂದರು. "ನೀವೆಲ್ಲಾ ಕೂತ್ಕೊಂಡು ನೋಡಿದ್ರಲ್ಲ, ನಾನು ಅವತ್ತೇ ಸತ್ತೋದೆ. ಹೆಣ ಎಲ್ಲಾದ್ರೂ ಜವಾಬು ಕೊಡ್ತದಾ?"

ಗುಡಿಯ ಮುಂದೆ ಎನ್ನುವುದನ್ನೂ ನೋಡದೆ ಜನ ಗೊಳ್ಳೆಂದು ನಕ್ಕರು. ಯಜಮಾನರು ನಮ್ಮವರ ಕಡೆ ತಿರುಗಿದರು. ಮನೆಯಲ್ಲಿ ಉಳಿದಿದ್ದ ಗಂಡಸು ಅವರೊಬ್ಬರೇ. "ನಂಗೆ ಲಾಳಿ ಯಾವ ಕಡೆಯಿಂದ ಬಿಡ್ಬೇಕು ಅಂತಾನೂ ಗೊತ್ತಿಲ್ಲ," ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಮದುವೆಯಾಗಿ ಆರು ವರ್ಷದಲ್ಲಿ ಅಂಥ ಒಳ್ಳೆಯ ಮಾತನ್ನು ಅವರು ಆಡಿದ್ದು ನಾನು ಕೇಳಿರಲಿಲ್ಲ.

ಉತ್ತರ ಬಾರದೆ ಸೀರೆ ಒಳಕ್ಕೂ ಹೋಗದು, ಹಿಂದಕ್ಕೂ ಬಾರದು.  ಯಜಮಾನರು ಗುಂಪಿನ ಮೇಲೆ ಕಣ್ಣಾಡಿಸಿದರು. ನನ್ನ ಮುಂದಿದ್ದ ಹೆಂಗಸರು ಯಾರೂ ಹೇಳದೆಯೇ ಎರಡು ಕಡೆಗೆ ಸರಿದು ದಾರಿ ಬಿಟ್ಟರು. ನಾನು ಮೆಟ್ಟಿಲ ತನಕ ನಡೆದುಹೋದೆ.

"ಯಾರ ಕೈ?" ಎಂದರು ಯಜಮಾನರು, ನನ್ನನ್ನೇ ನೋಡಿ.

"ನನ್ನ ಕೈ," ಎಂದೆ.

ಮೂರು ಸಲ ಕೇಳುವುದು ಕಟ್ಟಳೆ. ಅವರು ಒಂದೂ ಬಿಡದೆ ಮೂರು ಸಲವೂ ಕೇಳಿದರು. ನಾನು ಮೂರು ಸಲವೂ ಬಾವಿಕಟ್ಟೆಯ ತನಕ ಕೇಳುವ ಹಾಗೆ ಹೇಳಿದೆ. ನಾಲ್ಕನೆಯ ಸಲ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಹೇಳುತ್ತಿದ್ದೆ.